ಶನಿವಾರದ ಸೊಪ್ಪು

ನಬವಿಯ್ಯಾ ಹಶೀಶ್ ಬೆಳೆಯುತ್ತಾಳೆ ಎನ್ನುವುದು ನಮ್ಮ ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗಾಜಿನಲ್ಲಿ ಮೀನು ಸಾಕಿ ತೋರಿಸುವ ಸರಕಾರಿ ಮೀನಿನ ಮನೆಯ ಕಾವಲುಗಾರನಿಗೆ ಗೊತ್ತಿತ್ತು, ಎದುರಿನ ಚಹಾದಂಗಡಿಯವರಿಗೆ ಗೊತ್ತಿತ್ತು, ಶುಕ್ರವಾರದ ನಮಾಜು ಮುಗಿಸಿ ಮಕ್ಕಳಿಗೆ ಮೀನು ತೋರಿಸಲು ಬರುವವರಿಗೂ ಗೊತ್ತಿತ್ತು. ನಮ್ಮ ಮಾತಿನಲ್ಲಿ ಹಶೀಶ್ ಎಂದರೆ ಸೊಪ್ಪು. ಕತ್ತೆ ಮೇಯುವುದೂ ಹಶೀಶೇ, ಸಮುದ್ರದ ತಳದಲ್ಲಿ ತೂಗಾಡುವುದೂ ಹಶೀಶೇ. ಕದ್ದು ಮುಚ್ಚಿ ಸೇದುವ ಸೊಪ್ಪಿಗೂ ಅದೇ ಹೆಸರು. ಹೀಗಾಗಿ ಆ ಮಾತು ಬಂದಲ್ಲೆಲ್ಲ ಒಂದು ನಗು ಕಾದು ಕೂತಿರುತ್ತಿತ್ತು.

"ಹಜ್ಜಾ, ಈ ಸಲ ಬೆಳಿ ಹೆಂಗೈತ್ರೀ?" ಎಂದು ಕಾವಲುಗಾರ ಗಾಬಿರ್ ದಿನಾ ಬೆಳಿಗ್ಗೆ ಗೇಟು ತೆಗೆಯುತ್ತಾ ಕೇಳುವನು. ಹಿರಿಯ ಹೆಂಗಸನ್ನು ನಮ್ಮಲ್ಲಿ ಹಜ್ಜಾ ಎಂದೇ ಕರೆಯುವುದು. ಅವನು ನೈಲ್ ನದಿಯ ಮೇಲ್ನಾಡಿನವನು. ಬಂದರಿಗೆ ಬಂದು ಇಪ್ಪತ್ತು ವರ್ಷವಾದರೂ ಊರಿನ ಎಳೆತ ಅವನ ನಾಲಿಗೆ ಬಿಟ್ಟಿರಲಿಲ್ಲ.

"ಚೆನ್ನಾಗಿದೆ ಕಣೋ. ಎಷ್ಟು ಕಿಲೋ ಕಟ್ಟಿಕೊಡ್ಲಿ?"

"ಸರಕಾರದ ಮಾಲು, ಪುಕ್ಕಟೆ ಕೊಡ್ರಲ್ಲಾ."

"ಪುಕ್ಕಟೆ ಕೊಟ್ರೆ ನಿನ್ನ ಹೆಂಡ್ತಿ ಬಂದು ನನ್ನ ಜುಟ್ಟು ಹಿಡೀತಾಳೆ."

ಈ ಮಾತುಕತೆ ಹದಿನೇಳು ವರ್ಷ ನಡೆಯಿತು. ಒಂದು ದಿನವೂ ಹಳಸಲಿಲ್ಲ.

ನಬವಿಯ್ಯಾಳ ಹುದ್ದೆ ಕಾಗದದಲ್ಲಿ ಕಸ ಗುಡಿಸುವುದು. ನೆಲ ಒರೆಸುವುದು, ಗಾಜಿನ ಮೇಲೆ ಮಕ್ಕಳು ಒತ್ತಿದ ಮೂಗಿನ ಗುರುತು ಅಳಿಸುವುದು, ಚೆಲ್ಲಿದ ಕಡಲೆಸಿಪ್ಪೆ ಬಳಿಯುವುದು. ಆದರೆ ಅವಳ ನಿಜವಾದ ಕೆಲಸವಿದ್ದದ್ದು ಹಿಂದಿನ ಓಣಿಯ ಕೊನೆಯ ಕೋಣೆಯಲ್ಲಿ. ಅಲ್ಲಿ ಎದೆಯೆತ್ತರದ ಒಂದು ಸಿಮೆಂಟಿನ ತೊಟ್ಟಿ. ದೊಡ್ಡ ಗಾಜಿನ ತೊಟ್ಟಿಯಲ್ಲಿ ಮೀನುಗಳು ಹೊಲಸು ಮಾಡಿದ ನೀರು ಕೊಳವೆಯಲ್ಲಿ ಇಳಿದು ಇಲ್ಲಿಗೆ ಬರುತ್ತಿತ್ತು. ಸೊಪ್ಪಿನ ನಡುವೆ ಹಾದು, ತಿಳಿಯಾಗಿ, ಪಂಪು ಎತ್ತಿದರೆ ಮತ್ತೆ ಮೀನುಗಳ ಕಡೆಗೇ ಹೋಗುತ್ತಿತ್ತು. ಎರಡು ತೊಟ್ಟಿ, ಒಂದೇ ನೀರು.

ಆ ತೊಟ್ಟಿಯನ್ನು ಕಟ್ಟಿಸಿದವರು ಡಾಕ್ಟರ್ ಬಿಶಾರಾ. ಮದ್ದು ಕೊಡುವ ಡಾಕ್ಟರಲ್ಲ, ಸಮುದ್ರ ಓದಿದವರು. ಈಗ ತೀರಿಕೊಂಡಿದ್ದಾರೆ. "ಹಜ್ಜಾ, ಮುಂದಿನ ಗಾಜುಗಳೆಲ್ಲ ಈ ಮನೆಯ ಮುಖ. ಇದು ಮೂತ್ರಪಿಂಡ. ಮುಖ ತೊಳೆಯೋಕೆ ಯಾರಾದ್ರೂ ಸಿಕ್ತಾರೆ. ಇದನ್ನ ನೀನು ನೋಡ್ಕೊ" ಎಂದಿದ್ದರು. ಕಾಗದದಲ್ಲಿ ಅವರು ಬರೆದಿದ್ದ ಹೆಸರು 'ಆಸರೆ ತೊಟ್ಟಿ'. ದೊಡ್ಡ ಮೀನುಗಳ ಬಾಯಿಗೆ ಸಿಗದೆ ಎಳ್ಳುಕಾಳಿನಂಥ ಸಿಗಡಿಗಳು ಆ ಸೊಪ್ಪಿನೊಳಗೆ ಆಸರೆ ಪಡೆದು ಸಂಸಾರ ಮಾಡುತ್ತವೆ, ಅದಕ್ಕೆ. ಓದು ಬಾರದ ನಬವಿಯ್ಯಾ ಆ ಹೆಸರನ್ನು ಕೇಳಿದ್ದು ಒಂದೋ ಎರಡೋ ಸಲ. ಬಾಯಿಗೆ ಹತ್ತಲಿಲ್ಲ. ಅವಳಿಗೆ ಅದು ಹಶೀಶಿನ ತೊಟ್ಟಿ, ಅಷ್ಟೆ.

ಸೊಪ್ಪೂ ಮಕ್ಕಳ ಹಾಗೆಯೇ, ಹಸಿದರೂ ಕೆಡುತ್ತದೆ, ಹೊಟ್ಟೆ ಬಿರಿದರೂ ಕೆಡುತ್ತದೆ ಎನ್ನುವುದನ್ನು ಅವಳು ಬೆರಳಿನಿಂದಲೇ ಕಲಿತಳು. ಹಗಲು ಮೀನುಗಳಿಗೆ ದೀಪ, ಸಂಜೆ ಅದು ಆರಿದ ಮೇಲೆ ಸೊಪ್ಪಿಗೆ ದೀಪ. ಮೀನು ಮಲಗಿದಾಗ ಸೊಪ್ಪು ದುಡಿಯಬೇಕು. ಎಲೆಯ ಹಸಿರು ತೆಳುವಾಗಿ ಹಳದಿಗೆ ತಿರುಗಿದರೆ ಅದಕ್ಕೆ ಕಬ್ಬಿಣ ಬೇಕೆಂದು ಅರ್ಥ. ಬಟ್ಟೆಯ ಗಂಟಿನಲ್ಲಿ ನಾಲ್ಕು ತುಕ್ಕು ಮೊಳೆ ಕಟ್ಟಿ ನೀರು ಬೀಳುವ ಕಡೆ ಇಳಿಬಿಡುವಳು. ಎಲೆಯ ಮೇಲೆ ಕಂದು ಲೋಳೆ ಕೂತರೆ ಒಂದೊಂದೇ ಬಳ್ಳಿಯನ್ನು ಎರಡು ಬೆರಳ ನಡುವೆ ಎಳೆದು ತೊಳೆಯುವಳು. ಮೇಲಿನದು ದಟ್ಟವಾಗಿ ಕೆಳಗಿನದಕ್ಕೆ ಬೆಳಕು ತಪ್ಪಿದರೆ ಕೌದಿ ಮಗುಚುವಂತೆ ಇಡೀ ಹಾಸನ್ನು ಮಗುಚುವಳು. ಶನಿವಾರ ಮೀನಿನ ಮನೆಗೆ ರಜೆ. ಅವತ್ತು ಮೂರರಲ್ಲಿ ಒಂದು ಪಾಲು ಸೊಪ್ಪು ತೆಗೆಯಬೇಕು. ಕತ್ತರಿ ಮುಟ್ಟಿಸುವ ಹಾಗಿಲ್ಲ. ಕತ್ತರಿಸಿದರೆ ಅದು ಕೊಯ್ದ ಬಾಯಿಂದ ರಸವನ್ನೆಲ್ಲ ನೀರಿಗೆ ಕಾರಿಬಿಡುತ್ತದೆ. ಬಳ್ಳಿಯನ್ನು ಬುಡದಿಂದ ಬಿಡಿಸಿ ಇಡಿಯಾಗಿ ಎಳೆಯಬೇಕು. ತೆಗೆದದ್ದನ್ನು ಸೊಪ್ಪು ತಿನ್ನುವ ಮೀನುಗಳ ಗಾಜಿಗೆ ಹಾಕುವಳು. ಅವು ಮುಲೂಖಿಯ್ಯಾ ಸಾರು ಕಂಡ ನೆಂಟರಂತೆ ಮುಗಿಬೀಳುತ್ತಿದ್ದವು.

ಒಂದೇ ಒಂದು ಸಲ ಅವಳು ತಪ್ಪಿದ್ದಳು. ಮೊದಲನೇ ವರ್ಷ, ದೊಡ್ಡ ಹಬ್ಬಕ್ಕೆ ಮಗಳ ಮನೆಗೆ ಹೋಗಿ ಎಂಟು ದಿನ ನಿಂತುಬಿಟ್ಟಳು. ಇಲ್ಲಿ ಬಲ್ಬು ಸುಟ್ಟುಹೋಗಿದ್ದನ್ನು ಯಾರೂ ನೋಡಲಿಲ್ಲ. ಬಂದು ಬಾಗಿಲು ತೆಗೆದರೆ ತೊಟ್ಟಿಯ ತುಂಬ ಹಾಲು. ಸೊಪ್ಪಿನ ಜಾಗದಲ್ಲಿ ಗಾಜಿನ ನೂಲಿನಂಥ ಬಿಳೀ ಸಿಪ್ಪೆ ತೇಲುತ್ತಿತ್ತು. ಮೂವತ್ತು ಮೀನು ಸತ್ತಿದ್ದವು.

"ಈ ಜಾತಿಗೆ ಸಾಯ್ತೀನಿ ಅನ್ನೋ ಭಯ ಬಂದ್ರೆ, ಇದ್ದಬದ್ದ ಬೀಜನೆಲ್ಲ ಒಂದೇ ರಾತ್ರಿ ನೀರಿಗೆ ಚೆಲ್ಲಿ ಬರಿದಾಗಿಬಿಡುತ್ತೆ. ತಾನೂ ಸಾಯುತ್ತೆ, ಹೋಗ್ತಾ ಮನೆಯವರನ್ನೂ ಕರ್ಕೊಂಡು ಹೋಗುತ್ತೆ" ಎಂದು ಡಾಕ್ಟರ್ ಬಿಶಾರಾ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲೆ ತುದಿ ಗಾಜಿನ ಹಾಗೆ ಆಗ್ತಿದೆ ಅಂದ್ರೆ ನಿನಗೆ ಒಂದು ದಿನ ಇದೆ ಅಂತ ತಿಳ್ಕೊ."

ಆಮೇಲೆ ಅವಳು ಮಗಳ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ. ಮಗಳು ಆಡಿಕೊಳ್ಳುತ್ತಿದ್ದಳು: "ಅಮ್ಮಂಗೆ ನಮ್ಮ ಮಕ್ಕಳಿಗಿಂತ ಆ ಸೊಪ್ಪೇ ಹೆಚ್ಚು."

ಸೊಪ್ಪಲ್ಲ. ಅವಳಿಗೆ ಹೆಚ್ಚಾಗಿದ್ದವನು ಉಮ್ದಾ.

ಉಮ್ದಾ ಎಂದರೆ ಹಳ್ಳಿಯ ಪಟೇಲ. ದೊಡ್ಡ ಗಾಜಿನೊಳಗಿದ್ದ ಮುದಿ ಮೀನಿಗೆ ಆ ಹೆಸರು ಬಿದ್ದದ್ದು ಅದರ ನಡಿಗೆಯಿಂದ. ಹಣೆಯ ಮೇಲೆ ರುಮಾಲು ಸುತ್ತಿದಂಥ ಗುಬ್ಬ, ದಪ್ಪ ತುಟಿ, ಹಸಿರು ನೀಲಿ ಬೆರೆತ ಮೈ. ಯಾರ ಅವಸರಕ್ಕೂ ಜಗ್ಗದೆ, ಕಣ್ಣುಗಳನ್ನು ಮಾತ್ರ ಅತ್ತ ಇತ್ತ ತಿರುಗಿಸುತ್ತಾ, ತೆರಿಗೆ ವಸೂಲಿಗೆ ಹೊರಟವನಂತೆ ತೊಟ್ಟಿ ಸುತ್ತುವನು. ಅವನನ್ನು ಹಿಡಿದವನು ನಬವಿಯ್ಯಾಳ ಗಂಡ ಹಸ್ಸೂನಾ. ಆಗ ಅಂಗೈಯಷ್ಟು ಇದ್ದ. ಬಲೆಯಲ್ಲಿ ಸಿಕ್ಕವನನ್ನು ಮಾರಲು ಮನಸ್ಸಾಗದೆ ಬಕೆಟ್ಟಿನಲ್ಲಿ ಜೀವಂತ ತಂದು ಡಾಕ್ಟರಿಗೆ ಕೊಟ್ಟ. "ಇವನ ಮುಖ ನೋಡಿ, ನಮ್ಮ ಮಾವನ ಹಾಗಿಲ್ವಾ?" ಎಂದು ನಗಿಸಿದ್ದ. ಅದಾಗಿ ಐದು ತಿಂಗಳಿಗೆ ಹಸ್ಸೂನಾ ಹೋದ ದೋಣಿ ಮರಳಿ ಬಂತು, ಅವನು ಬರಲಿಲ್ಲ. ಗೋರಿ ಮಾಡಲು ಏನೂ ಸಿಗಲಿಲ್ಲ. ಡಾಕ್ಟರು ಅವಳನ್ನು ಕೆಲಸಕ್ಕೆ ಕರೆದರು. ಅವತ್ತಿನಿಂದ ಅವಳು ಬೆಳಿಗ್ಗೆ ಬಂದು ಗಾಜಿನ ಮೇಲೆ ಕೈಯಿಟ್ಟರೆ ಉಮ್ದಾ ಎಲ್ಲಿದ್ದರೂ ತೇಲಿ ಬಂದು ಆ ಕೈಯೆದುರು ನಿಲ್ಲುವನು. ಶುಕ್ರವಾರ ಅವನಿಗೊಂದು ಬೇಯಿಸಿದ ಮೊಟ್ಟೆ. ಗಂಡನ ಸಮಾಧಿಗೆ ಹೋಗುವ ಹೆಂಗಸರು ಅದೇ ದಿನ ರೊಟ್ಟಿ, ಖರ್ಜೂರ ಒಯ್ಯುತ್ತಾರೆ. ಇವಳು ಮೊಟ್ಟೆ ತರುತ್ತಿದ್ದಳು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ದಿನಾ ಎರಡೆರಡು ಗಂಟೆ ಕರೆಂಟು ತೆಗೆಯುತ್ತಿದ್ದರು. ಬೀದಿಗೆ ಬೀದಿಯೇ ಕತ್ತಲಾಗಿ, ಜನ ಬಾಗಿಲಲ್ಲಿ ಕೂತು ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಗ, ಜನರೇಟರಿನ ದಯೆಯಿಂದ ಮೀನಿನ ಮನೆಯ ಹಿಂದಿನ ಒಂದು ಕಿಟಕಿ ಮಾತ್ರ ನೇರಳೆ ಬಣ್ಣಕ್ಕೆ ಉರಿಯುತ್ತಿತ್ತು. ಬಿಳೀ ಬಲ್ಬಿಗಿಂತ ಆ ಬೆಳಕು ಸೊಪ್ಪಿಗೆ ಹಿಡಿಸುತ್ತದೆಂದು ಡಾಕ್ಟರು ಸಾಯುವ ಮುಂಚೆ ಹಾಕಿಸಿದ್ದ ದೀಪ ಅದು. "ನಮ್ಮ ಮಕ್ಕಳು ಬೆವರಿನಲ್ಲಿ ಬೇಯ್ತಿವೆ, ಹಶೀಶಿಗೆ ನೋಡು ಮದುವೆಮನೆ ಮಾಡಿಟ್ಟಂಗೆ ಬೆಳಕು!" ಎಂದು ಚಹಾದಂಗಡಿಯಲ್ಲಿ ಯಾರೋ ಅಂದರು. ಅವತ್ತು ಯಾರೂ ನಗಲಿಲ್ಲವೆಂದು ಗಾಬಿರ್ ಆಮೇಲೆ ನೆನಪಿಸಿಕೊಂಡ.

ಒಂದು ಗುರುವಾರ ಪರವೂರಿನವನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಮೀನುಗಳನ್ನು ಸರಿಯಾಗಿ ನೋಡಲೂ ಇಲ್ಲ. ಒರೆಸುತ್ತಿದ್ದ ನಬವಿಯ್ಯಾಳ ಪಕ್ಕ ಬಂದು ನಿಂತ.

"ಹಜ್ಜಾ, ನಿಮ್ಮಲ್ಲಿ ಒಳ್ಳೇ ಹಶೀಶು ಸಿಗುತ್ತಂತೆ?"

ಅವಳು ಬಟ್ಟೆ ಹಿಂಡುತ್ತಾ ತಲೆಯೆತ್ತಿದಳು. ಹೊಸ ಮುಖ, ಹಳೇ ತಮಾಷೆ. "ಇಡೀ ಕೆಂಪು ಸಮುದ್ರದಲ್ಲಿ ಇಂಥದ್ದು ಸಿಗಲ್ಲ ಕಣಪ್ಪ. ಆದ್ರೆ ಇವತ್ತು ಇಲ್ಲ. ಶನಿವಾರ ಕೀಳ್ತೀನಿ. ಶನಿವಾರ ಬಾ."

"ಶನಿವಾರ ಎಷ್ಟು ಹೊತ್ತಿಗೆ?"

"ಬೆಳಿಗ್ಗೆನೇ ಬಾ. ತಾಜಾ ಇರುತ್ತೆ."

ಅವನು ಥ್ಯಾಂಕ್ಸ್ ಹೇಳಿ ಹೋದ. ಗೇಟಿನಲ್ಲಿ ಗಾಬಿರ್ ಹಲ್ಲು ಕಿರಿದು, "ಗಿರಾಕಿ ಕುದುರಿತೇನ್ರೀ?" ಎಂದ. ಅವಳೂ ನಕ್ಕಳು.

ಶನಿವಾರ ಬೆಳಿಗ್ಗೆ ಅವಳು ಮೊಣಕೈವರೆಗೆ ತೋಳು ಮಡಿಸಿ ತೊಟ್ಟಿಯಲ್ಲಿ ಕೈಯಿಟ್ಟು, ಮೊದಲ ಬಳ್ಳಿಯನ್ನು ಬಿಡಿಸುತ್ತಿದ್ದಾಗ ಓಣಿಯಲ್ಲಿ ಬೂಟುಗಳ ಸದ್ದಾಯಿತು. ಗುರುವಾರದ ಮನುಷ್ಯ ಮುಂದೆ. ಅವನ ಹಿಂದೆ ಪೊಲೀಸ್ ಅಧಿಕಾರಿ, ನಾಲ್ವರು ಪೇದೆಗಳು, ಬರೆದುಕೊಳ್ಳುವ ಗುಮಾಸ್ತ. ಕೊನೆಯಲ್ಲಿ ಸ್ಥಳೀಯ ಠಾಣೆಯ ಶಾವೀಶ್ ಹಿಲ್ಮಿ. ಪೇದೆಗಳಿಗೆ ಹಿರಿಯ, ಊರಿಗೆಲ್ಲ ಬೇಕಾದವನು. ಅವನು ನಬವಿಯ್ಯಾಳ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದ.

"ಈ ಕೋಣೆ ಯಾರ ಉಸ್ತುವಾರಿ?" ಅಧಿಕಾರಿ ಕೇಳಿದ.

"ನನ್ನದು, ಬಾಶಾ."

"ಇಲ್ಲಿ ಏನು ಬೆಳೀತೀಯ?"

"ಹಶೀಶು."

ಗುಮಾಸ್ತನ ಪೆನ್ನು ಒಂದು ಗಳಿಗೆ ನಿಂತು ಮುಂದೆ ಓಡಿತು.

"ಎಷ್ಟು ವರ್ಷದಿಂದ?"

"ಹದಿನೇಳು ವರ್ಷ ಆಯ್ತು ಬಾಶಾ. ಬೇರೆಯವರು ಕೈ ಹಾಕಿಲ್ಲ, ಎಲ್ಲಾ ನನ್ನ ಕೈಯಿಂದಲೇ."

"ಯಾರಿಗೋಸ್ಕರ ಬೆಳೀತೀಯ?"

"ಉಮ್ದಾನಿಗೋಸ್ಕರ."

"ಯಾವ ಉಮ್ದಾ?"

"ಇಲ್ಲೇ ಇದ್ದಾನಲ್ಲ ಬಾಶಾ, ದೊಡ್ಡವನು. ಅವನು ಬದುಕಿರೋದೇ ಇದರಿಂದ."

ಶಾವೀಶ್ ಹಿಲ್ಮಿ ಕೆಮ್ಮಿದ. "ಬಾಶಾ, ಉಮ್ದಾ ಅಂದ್ರೆ ಅದು—"

"ನಿನ್ನನ್ನ ಕೇಳಿದಾಗ ಹೇಳು."

ಗುಮಾಸ್ತ ಬರೆದ ಹಾಳೆಯನ್ನು ಚಾಚಿದರು. ಓದಿ ಹೇಳಲಿಲ್ಲ. ಇವಳೂ ಕೇಳಲಿಲ್ಲ. ಸರಕಾರದ ಕಾಗದಗಳಿಗೆ ಅವಳು ಬದುಕಿಡೀ ಹಾಗೆಯೇ ಹೆಬ್ಬೆಟ್ಟು ಒತ್ತಿದ್ದಳು: ಗಂಡ ಕಾಣೆಯಾದದ್ದಕ್ಕೆ, ಕೆಲಸಕ್ಕೆ ಸೇರಿದ್ದಕ್ಕೆ, ಎಲ್ಲಕ್ಕೂ. ಒದ್ದೆ ಬೆರಳನ್ನು ತೊಟ್ಟ ಗಲ್ಲಾಬಿಯ್ಯಾಕ್ಕೆ ಒರೆಸಿ ಒತ್ತಿದಳು.

ಆಮೇಲೆ ಅಧಿಕಾರಿ ತೊಟ್ಟಿಯೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ದ್ರಾಕ್ಷಿ ಗೊಂಚಲಿನಂಥ ಸಣ್ಣ ಸಣ್ಣ ಹಸಿರು ಮಣಿಗಳ ಬಳ್ಳಿ ನೀರಿನಲ್ಲಿ ತೂಗುತ್ತಿತ್ತು. ಅವನ ತುಟಿಯ ಮೂಲೆ ಅಲುಗಿತು.

"ಇದು ಸಮುದ್ರದ ಸೊಪ್ಪು."

"ಹೌದಲ್ಲ ಬಾಶಾ, ಮತ್ತೇನು?"

"ಹಾಗಾದ್ರೆ ನೀನ್ಯಾಕೆ..." ಎಂದವನು ಗುಮಾಸ್ತನ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಅದರಲ್ಲಿ ಹೆಬ್ಬೆಟ್ಟಿನ ಗುರುತು ಇನ್ನೂ ಒದ್ದೆಯಾಗಿತ್ತು. "ನೋಡು ಹಜ್ಜಾ. ನನ್ನ ಕಣ್ಣಿಗೆ ಇದು ಏನು ಅಂತ ಕಾಣಿಸ್ತಾ ಇದೆ. ಆದ್ರೆ ನನ್ನ ಕಣ್ಣಿಗೆ ಮೊಹರು ಇಲ್ಲ. ದೂರು ರಾಜಧಾನಿಯಿಂದ ಬಂದದ್ದು. ನೀನು ಹಶೀಶು ಅಂದಿದ್ದೀಯ, ಉಮ್ದಾ ಅಂದಿದ್ದೀಯ, ಶನಿವಾರ ಬಾ ಅಂದಿದ್ದೀಯ. ಎಲ್ಲಾ ಬರೆದಾಗಿದೆ. ಪರೀಕ್ಷೆ ಆಗಿ ಕಾಗದ ಬರೋತನಕ ನಾನು ಏನೂ ಮಾಡೋಕಾಗಲ್ಲ."

ಎರಡು ಸೀಸೆಗಳಲ್ಲಿ ಸೊಪ್ಪು, ನೀರು ತುಂಬಿ ಅರಗಿನ ಮೊಹರು ಹಾಕಿದರು. ಒಂದು ರಾಜಧಾನಿಗೆ, ಇನ್ನೊಂದು ಠಾಣೆಗೆ. ನೇರಳೆ ದೀಪವನ್ನು ಕಳಚಿ ಚೀಲಕ್ಕೆ ಹಾಕಿದರು. ಬಾಗಿಲೆಳೆದು, ಬೀಗ ಜಡಿದು, ಬೀಗದ ಮೇಲೆ ಬಟ್ಟೆ ಸುತ್ತಿ ಕೆಂಪು ಅರಗು ಸುರಿದರು.

"ಬಾಶಾ, ಅದಕ್ಕೆ ಬೆಳಕು ಬೇಕು" ಎಂದಳು ನಬವಿಯ್ಯಾ. "ಬೀಗ ಹಾಕ್ಕೊಳ್ಳಿ, ಕಾವಲು ಹಾಕಿ. ದೀಪ ಒಂದನ್ನ ಬಿಟ್ಟುಹೋಗಿ. ಇವತ್ತು ಕೀಳೋ ದಿನ, ಕಿತ್ತೂ ಇಲ್ಲ. ಭಯ ಬಿದ್ದರೆ ಎಲ್ಲರನ್ನೂ ಸಾಯಿಸಿಬಿಡುತ್ತೆ."

"ಯಾರು ಭಯ ಬೀಳೋದು?"

"ಸೊಪ್ಪು."

ಪೇದೆಗಳು ಗೊಳ್ಳೆಂದರು. ಆ ನಗುವಿನಲ್ಲೇ ಅವರು ಹೊರಟುಹೋದರು.

ಮೀನಿನ ಮನೆಯ ಮೇಲಧಿಕಾರಿ ಉಸ್ತಾಜ್ ಸರ್ವತ್ ತಂಗಿಯ ಮದುವೆಗೆ ರಾಜಧಾನಿಗೆ ಹೋಗಿದ್ದ. ಗಾಬಿರ್ ಫೋನು ಹಚ್ಚಿಕೊಟ್ಟ. ಆ ಕಡೆ ಡೋಲಿನ ಸದ್ದು. "ಹಜ್ಜಾ, ನನ್ನ ಹೆಸರು ಎಲ್ಲೂ ಬರಬಾರದು, ತಿಳೀತಾ?" ಎಂದು ಅವನು ಮೂರು ಸಲ ಹೇಳಿದ. ಸೊಪ್ಪಿನ ಮಾತೆತ್ತಿದ್ದಕ್ಕೆ, "ಆ ಶಬ್ದವನ್ನೇ ಫೋನಿನಲ್ಲಿ ಎತ್ತಬೇಡ!" ಎಂದು ಕಿರುಚಿ ಇಟ್ಟುಬಿಟ್ಟ.

ಭಾನುವಾರ ಅವಳು ಠಾಣೆಗೆ ಹೋದಳು. ಶಾವೀಶ್ ಹಿಲ್ಮಿ ಕುರ್ಚಿ ಹಾಕಿ ಕೂರಿಸಿ ಚಹಾ ತರಿಸಿದ. ಅವನ ಮೇಜಿನ ಹಿಂದಿನ ಕಿಟಕಿಯಲ್ಲಿ, ಪುದೀನಾ ಕುಂಡದ ಪಕ್ಕ, ಮೊಹರು ಹಾಕಿದ ಸೀಸೆ ಕೂತಿತ್ತು. ಒಳಗೆ ಮೂರು ಎಸಳು ಹಸಿರು.

"ಅದನ್ನ ಅಲ್ಲೇ ಇಡಪ್ಪ" ಎಂದಳು. "ಬೀರುವಿಗೆ ಹಾಕಬೇಡ. ಮಧ್ಯಾಹ್ನದ ಬಿಸಿಲು ಮಾತ್ರ ನೇರ ಬೀಳೋದು ಬೇಡ, ಒಂದು ಪೇಪರ್ ಅಡ್ಡ ಇಡು."

"ಇಡ್ತೀನಿ ಹಜ್ಜಾ."

"ಕೋಣೆಯದ್ದು?"

"ನಾಳೆ ಕಾಗದ ಬರುತ್ತೆ. ನಾಳೆ, ಇನ್ಶಾ ಅಲ್ಲಾಹ್."

ಸೋಮವಾರವೂ ಹೋದಳು. ನಾಳೆ ಎಂದ. ಅವನು ಸುಳ್ಳು ಹೇಳುವವನಲ್ಲ. ಅವನಿಗೆ ಯಾರೋ ನಾಳೆ ಎನ್ನುತ್ತಿದ್ದರು, ಅದನ್ನೇ ಅವನು ಇವಳಿಗೆ ದಾಟಿಸುತ್ತಿದ್ದ. ನಬವಿಯ್ಯಾ ಕಾಯುವುದರಲ್ಲಿ ಪಳಗಿದವಳು. ದೋಣಿಗಾಗಿ ಕಾದಿದ್ದಳು, ಡಾಕ್ಟರು ಸಾಯುವಾಗ ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದಳು, ಚಿಗುರಿನ ಒಂದು ಗಂಟು ಎರಡಾಗಲು ವಾರಗಟ್ಟಲೆ ಕಾದಿದ್ದಳು. ಕಾಯುವುದೇ ಕೆಲಸ ಎಂದು ನಂಬಿದ್ದವಳು.

ಹೋಗಿ ಬರುವ ನಡುವೆ ಸುಮ್ಮನೆ ಕೂರಲಿಲ್ಲ. ಕಡಲಿನಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದು ದೊಡ್ಡ ಗಾಜಿಗೆ ಸುರಿದಳು, ಅಷ್ಟೇ ಹಳೇ ನೀರನ್ನು ಚರಂಡಿಗೆ ಬಿಟ್ಟಳು. ಗಾಬಿರ್ ಎರಡು ಕ್ಯಾನು, ಇವಳು ಒಂದು. ಅರವತ್ತೊಂದು ವರ್ಷದ ಮಂಡಿ ರಾತ್ರಿಯೆಲ್ಲ ಸಿಡಿಯುತ್ತಿತ್ತು. ಉಮ್ದಾನಿಗೆ ಊಟ ಅರ್ಧಕ್ಕರ್ಧ ಇಳಿಸಿದಳು, ಹೊಲಸು ಕಡಿಮೆಯಾಗಲೆಂದು. ಅವನು ಗಾಜಿಗೆ ಬಂದು ದಪ್ಪ ತುಟಿ ಅಲುಗಿಸಿ, ಏನು ಇವತ್ತು ಕೈ ಬಿಗಿ ಎಂದು ಕೇಳುವವನಂತೆ ನಿಲ್ಲುತ್ತಿದ್ದ.

ಪಂಪನ್ನೇ ನಿಲ್ಲಿಸಿಬಿಡಬಹುದಿತ್ತು. ಅದು ಹೊರಗಿನ ಓಣಿಯಲ್ಲಿಯೇ ಇತ್ತು. ನಿಲ್ಲಿಸಿದರೆ ಒಳಗಿನ ನೀರು ಒಳಗೆ, ಹೊರಗಿನದು ಹೊರಗೆ. ಆದರೆ ಆ ಸೆಕೆಯಲ್ಲಿ ನೀರು ಆಡದೆ ನಿಂತರೆ ಉಮ್ದಾನಂಥ ದೊಡ್ಡ ಮೈಗೆ ಉಸಿರು ಸಾಲದು, ಅರ್ಧ ದಿನವೂ ತಾಳಲಾರ. ಓಡಿಸಿದರೆ ಸೊಪ್ಪಿನ ಮೇಲೆ ಭರವಸೆ, ನಿಲ್ಲಿಸಿದರೆ ಉಸಿರಿನ ಮೇಲೆ ಭರವಸೆ. ಅವಳು ಓಡಿಸಿದಳು.

ಮಂಗಳವಾರ ಬೆಳಿಗ್ಗೆ ಮರಳಿ ಬರುವ ನೀರಿಗೆ ಬೆರಳೊಡ್ಡಿ ಉಜ್ಜಿ ನೋಡಿದಳು. ಬೆರಳು ಜಾರಿತು. ಮೂಗಿಗೆ ಹಿಡಿದಳು. ಹಸಿ ಸೌತೆಕಾಯಿ ಮುಗ್ಗಿದಂಥ ತೆಳು ವಾಸನೆ. ಬಾಗಿಲ ಸಂದಿಗೆ ಕಣ್ಣಿಟ್ಟಳು, ಕತ್ತಲು. ಆದರೂ ಕಂಡ ಹಾಗಾಯಿತು: ತುದಿಗಳು ಗಾಜಾಗುತ್ತಿರುವುದು.

ಗಾಬಿರ್ ಎಲ್ಲಿಂದಲೋ ಒಂದು ಕಬ್ಬಿಣದ ಹಾರೆ ತಂದು ಗೋಡೆಗೆ ಒರಗಿಸಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಹಜ್ಜಾ, ಹೂಂ ಅನ್ರಿ. ಒಂದ ಏಟು. ಒಳಗ ಹೋಗಿ ಸೊಪ್ಪೆಲ್ಲಾ ಬಾಚಿ ಒಗದು ಬರ್ರಿ. ಬಂದವ್ರಿಗೆ ನಾ ಹೇಳ್ತೀನಿ, ನಾನ ಒಡದೆ ಅಂತ. ಈ ಬಾಯಿಂದ ಹುಟ್ಟಿದ ತಮಾಷಿ ಇದು. ಜೇಲಿಗೂ ಈ ಬಾಯೇ ಹೋಗ್ಲಿ."

"ಮೊಹರು ಒಡೆದ್ರೆ ಸುಮ್ನೆ ಬಿಡ್ತಾರೇನೋ? ನಿನಗೆ ನಾಲ್ಕು ಹೆಣ್ಣುಮಕ್ಕಳು."

"ಅವು ಹೆಂಗೂ ಬೆಳೀತಾವ."

"ಕಾಗದಕ್ಕೆ ಹೋದದ್ದು ನಿನ್ನ ಮಾತಲ್ಲ. 'ಶನಿವಾರ ಬಾ' ಅಂದವಳು ನಾನು." ಅವಳು ಹಾರೆಯನ್ನು ನೋಡಿದಳು. ಅರಗನ್ನು ನೋಡಿದಳು. ಹೆಬ್ಬೆಟ್ಟು ಇಟ್ಟರೆ ಅಷ್ಟಕ್ಕೇ ಬಿರುಕು ಬಿಡುವಂಥ ಅರಗು. "ತಡಿ. ಇನ್ನೊಂದು ಸಲ ಠಾಣೆಗೆ ಹೋಗಿ ಬರ್ತೀನಿ."

ಹಿಲ್ಮಿ ಅವಳನ್ನು ನೋಡಿದ್ದೇ ಎದ್ದು ನಿಂತ. "ಬಂತು ಹಜ್ಜಾ! ಅಂದ್ರೆ ಹೊರಟಿದೆ. ರಾಜಧಾನಿಯಿಂದ ಕಾಗದ ಹೊರಟಾಯ್ತು ಅಂತ ಈಗ ಫೋನು ಬಂತು. ನಾಳೆ ಖಂಡಿತ. ನನ್ನ ತಾಯಾಣೆ."

ಅವನು ಅವತ್ತಿನವರೆಗೆ ಆಣೆ ಹಾಕಿರಲಿಲ್ಲ. ಅವಳು ಹಿಂದಕ್ಕೆ ಬಂದು ಗಾಬಿರನಿಗೆ, "ಹಾರೆ ತೆಗೆದಿಡು. ಇನ್ನೊಂದೇ ದಿನ" ಎಂದಳು.

ಬುಧವಾರ ಬೆಳಗಿನ ಬಾಂಗು ಮುಗಿದು ಬಾನು ಇನ್ನೂ ಬೂದಿಯಾಗಿದ್ದಾಗ ಅವಳು ಗೇಟು ದಾಟಿದಳು. ವಾಸನೆ ಗೇಟಿನವರೆಗೂ ಬಂದಿತ್ತು. ಅವಳು ಓಡಲಿಲ್ಲ. ಹದಿನೇಳು ವರ್ಷದ ಹಿಂದೆ, ಹಸ್ಸೂನಾನ ದೋಣಿ ಮರಳಿದಾಗ, ಒಮ್ಮೆ ಓಡಿದ್ದಳು, ಓಡಿ ಏನೂ ಆಗಲಿಲ್ಲ.

ದೊಡ್ಡ ಗಾಜು ಒಂದು ಗೋಡೆ ಹಾಲಾಗಿತ್ತು. ಸಣ್ಣ ಮೀನುಗಳು ಮೇಲೆ ತೇಲಿ, ಹೊಟ್ಟೆ ಬಿಳುಪು ತೋರಿಸುತ್ತಿದ್ದವು. ಪಂಪಿನ ಗುಂಡಿ ಒತ್ತಿ ನಿಲ್ಲಿಸಿದಳು. ಆ ಸದ್ದು ನಿಂತ ಮೇಲೆ ಮನೆಯೊಳಗೆ ಉಳಿದದ್ದು ಒಂದೇ ಸದ್ದು: ನೀರಿನ ಮೇಲ್ಮೈಯಲ್ಲಿ ಯಾರೋ ಬಾಯಿ ತೆರೆದು ಮುಚ್ಚುತ್ತಿರುವುದು.

ಗಾಜಿನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತು ಬರೀ ಬಿಳುಪು. ಆಮೇಲೆ ಆ ಬಿಳುಪಿನೊಳಗಿಂದ ಗುಬ್ಬದ ಹಣೆ ನಿಧಾನಕ್ಕೆ ಬಂತು. ಪಕ್ಕಕ್ಕೆ ವಾಲಿದ್ದ. ಒಂದು ಕಣ್ಣು ಅವಳ ಕೈಯನ್ನು ಹುಡುಕಿತು, ಹಿಡಿಯಿತು. ಬಂದು ಕೈಯೆದುರು ನಿಂತ.

"ಇವನನ್ನ ಕಡಲಿಗೆ ಒಯ್ಯೋಣು ಹಜ್ಜಾ" ಎಂದ ಗಾಬಿರ್. ಅಳುತ್ತಿದ್ದ.

"ಬಾಗಿಲಷ್ಟು ಇದ್ದಾನೆ. ಯಾವುದರಲ್ಲಿ ಒಯ್ತೀಯ?"

ಅವನು ಹಾಗೂ ಸುಮ್ಮನಿರಲಾರದೆ ಕ್ಯಾನಿನ ಮೇಲೆ ಕ್ಯಾನು ತಂದು ಸುರಿದ. ಚಹಾದಂಗಡಿಯವರು ಬಂದರು, ಅವರೂ ಬಕೆಟ್ಟು ಹಿಡಿದರು. ಹಾಲು ತಿಳಿಯಾಗಲಿಲ್ಲ. ನಬವಿಯ್ಯಾ ಕೈ ತೆಗೆಯಲಿಲ್ಲ. ಕೈ ಜೋಮು ಹಿಡಿಯಿತು, ಆದರೂ ತೆಗೆಯಲಿಲ್ಲ. ಮಧ್ಯಾಹ್ನದ ನಮಾಜಿಗೆ ಬಾಂಗು ಕೂಗುವ ಹೊತ್ತಿಗೆ ಉಮ್ದಾನ ಕಣ್ಣು ತಿರುಗುವುದು ನಿಂತಿತು.

ಅವನನ್ನು ಹೊರತೆಗೆಯಲು ಆರು ಜನ ಬೇಕಾದರು. ದಂಡೆಯ ಉದ್ದಕ್ಕೆ ನಡೆದು, ಹಸ್ಸೂನಾನ ದೋಣಿ ಹೊರಡುತ್ತಿದ್ದ ಕಟ್ಟೆಯ ಹತ್ತಿರ ನೀರಿಗೆ ಬಿಟ್ಟರು.

ಕಾಗದ ಗುರುವಾರ ಬಂತು. ಅಧಿಕಾರಿಯೇ ಬಂದು ಅರಗು ಒಡೆಸಿ ಬಾಗಿಲು ತೆಗೆಸಿದ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಮದುವೆ ಮುಗಿಸಿ ಬಂದ ಉಸ್ತಾಜ್ ಸರ್ವತ್ ಗೇಟಿಗೆ 'ದುರಸ್ತಿಗಾಗಿ ಮುಚ್ಚಿದೆ' ಎಂಬ ಹಲಗೆ ನೇತುಹಾಕಿದ.

ಶನಿವಾರ ನಬವಿಯ್ಯಾಳಿಗೆ ಠಾಣೆಯಿಂದ ಕರೆ ಬಂತು. ಮೇಜಿನ ಮೇಲೆ ಚೀಲದಲ್ಲಿ ದೀಪ, ಪಕ್ಕದಲ್ಲಿ ಒಂದು ಹಾಳೆ. ಹಿಲ್ಮಿ ಸೊರಗಿದ್ದ.

"ವಸ್ತು ವಾಪಸು ತಗೊಂಡೆ ಅಂತ ಹೆಬ್ಬೆಟ್ಟು ಒತ್ತಬೇಕು ಹಜ್ಜಾ."

"ಓದು."

ಅವನು ಅಚ್ಚರಿಯಿಂದ ನೋಡಿದ. ಓದಿದ: "ಪರೀಕ್ಷೆಗೊಳಪಟ್ಟ ಹಸಿರು ಪದಾರ್ಥವು ಸಮುದ್ರದ ಪಾಚಿ ಜಾತಿಗೆ ಸೇರಿದ್ದು, ಮಾದಕವಲ್ಲ. ವಶಪಡಿಸಿಕೊಂಡ ಎಲ್ಲ ವಸ್ತುಗಳನ್ನು ಸುಸ್ಥಿತಿಯಲ್ಲಿ ಮರಳಿ ಪಡೆದಿದ್ದೇನೆ. ನನ್ನದು ಯಾವ ತಕರಾರೂ ಇಲ್ಲ."

"ಇನ್ನೊಂದ್ಸಲ ಓದು."

ಓದಿದ.

"ಇದರಲ್ಲಿ ಉಮ್ದಾ ಎಲ್ಲಿದ್ದಾನೆ?"

"ಅವನನ್ನ ವಶಪಡಿಸ್ಕೊಂಡಿರಲಿಲ್ಲವಲ್ಲ ಹಜ್ಜಾ. ಪಟ್ಟೀಲಿ ಬರಲ್ಲ."

"ಮೊದಲನೇ ಕಾಗದದಲ್ಲಿ ಬರೆದಿದ್ರಲ್ಲ, ಉಮ್ದಾನಿಗೋಸ್ಕರ ಅಂತ?"

"ಅದರಲ್ಲಿ ಇದ್ದ" ಎಂದು ಹಿಲ್ಮಿ ತಲೆ ತಗ್ಗಿಸಿದ.

ಅವಳು ಕಿಟಕಿಯತ್ತ ನೋಡಿದಳು. ಪುದೀನಾ ಕುಂಡದ ಪಕ್ಕ ಸೀಸೆ ಇತ್ತು. ಹಿಲ್ಮಿ ಹೇಳಿದಂತೆ ನಡೆದಿದ್ದ, ಹಳೇ ಪತ್ರಿಕೆಯ ಹಾಳೆಯೊಂದನ್ನು ಅಡ್ಡ ನಿಲ್ಲಿಸಿದ್ದ. ಒಳಗಿನ ಮೂರು ಎಸಳಲ್ಲಿ ಒಂದು ಬಿಳಿಚಿತ್ತು. ಎರಡು ಹಸಿರಾಗಿಯೇ ಇದ್ದವು. ಒಂದರ ಬುಡದಲ್ಲಿ ಸಾಸಿವೆಯಷ್ಟು ಹೊಸ ಮಣಿ.

"ಒತ್ತಲ್ಲ ಅಂದ್ರೆ?"

"ನಿನ್ನನ್ನ ಯಾರೂ ಏನೂ ಮಾಡಲ್ಲ. ತಕರಾರು ಅಂತ ಬರ್ಕೊಳ್ತಾರೆ. ಯಾವಾಗಲಾದ್ರೂ ಯಾರಾದ್ರೂ ಕೇಳಬಹುದು, ಯಾಕೆ ಹೀಗಾಯ್ತು ಅಂತ." ಅವನು ದನಿ ಇಳಿಸಿದ. "ನಾನಾಗಿದ್ರೆ ಒತ್ತುತ್ತಿರಲಿಲ್ಲ, ಹಜ್ಜಾ."

"ಆಗ ಆ ಸೀಸೆ?"

"ಸಾಕ್ಷಿ ಆಗುತ್ತೆ. ಸಾಮಾನಿನ ಕೋಣೆಗೆ ಹೋಗುತ್ತೆ."

"ಆ ಕೋಣೆಗೆ ಕಿಟಕಿ ಇದೆಯಾ?"

ಹಿಲ್ಮಿ ಸೀಸೆಯತ್ತ ತಿರುಗಿದ. "ಇಲ್ಲ."

ಅವಳು ಕೂತೇ ಇದ್ದಳು. ಫ್ಯಾನು ತಿರುಗುತ್ತಿತ್ತು, ನಿಂತಿತು. ಕರೆಂಟು ಹೋಗಿತ್ತು. ಆಮೇಲೆ ಶಾಯಿಯ ಡಬ್ಬಿಯನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡಳು. ಹೆಬ್ಬೆಟ್ಟನ್ನು ಅದ್ದಿ, ಹಿಲ್ಮಿ ಬೆರಳಿಟ್ಟು ತೋರಿಸಿದ ಕಡೆ, ಅಂಚು ಕಲೆಸದಂತೆ ನಿಧಾನವಾಗಿ, ಚೆನ್ನಾಗಿ ಒತ್ತಿದಳು.

ದೀಪದ ಚೀಲವನ್ನು ಹೆಗಲಿಗೆ ಹಾಕಿ, ಸೀಸೆಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ಬಂದಳು. ನೆತ್ತಿಯ ಬಿಸಿಲು. ತಲೆಯ ಮೇಲಿನ ಕಪ್ಪು ವಸ್ತ್ರದ ಸೆರಗನ್ನು ಎಳೆದು ಸೀಸೆಯ ಮೇಲೆ ನೆರಳು ಮಾಡಿಕೊಂಡಳು. ಗಾಬಿರ್ ಮೆಟ್ಟಿಲ ಹತ್ತಿರ ನಿಂತಿದ್ದ. ಅವನ ಬಾಯಿ ಅಭ್ಯಾಸಬಲದಿಂದ ಒಂದು ಮಾತಿಗೆ ತೆರೆದು, ತೆರೆದಂತೆಯೇ ಮುಚ್ಚಿತು. ಅವಳ ಪಕ್ಕ ನಡೆದ.

ಚಹಾದಂಗಡಿಯ ಮುಂದೆ ಬಂದಾಗ ಬೆಂಚಿನ ಮೇಲಿದ್ದ ಮುದುಕನೊಬ್ಬ ಕೇಳಿದ, "ಸೀಸೇಲಿ ಏನು ತಾಯಿ?"

"ಉಪ್ಪುನೀರಪ್ಪಾ" ಎಂದಳು ನಬವಿಯ್ಯಾ, ನಿಲ್ಲದೆ.